ಕಲ್ಲಿನ ಇನ್ನೊಂದು ದೇಹ

ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಶಾಸನ ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. 2018ರಲ್ಲಿ ಬೆಳಕಿಗೆ ಬಂದ ಈ ಕಲ್ಲನ್ನು ಮಿಥಿಕ್ ಸೊಸೈಟಿ ತ್ರೀಡಿ ಸ್ಕ್ಯಾನ್ ಮಾಡಿದೆ. ಅದಕ್ಕೀಗ ಇನ್ನೊಂದು ದೇಹವಿದೆ: ಸ್ಕ್ಯಾನಿನ ಫೈಲು.

ದೇಹ ಬದಲಾದರೂ ಒಳಗಿನದು ಅದೇ ಎನ್ನುತ್ತದೆ ಗೀತೆ. ಫೈಲಿನ ಮಟ್ಟಿಗೆ ಇದನ್ನು ಪರೀಕ್ಷಿಸಿಯೇ ನೋಡಬಹುದು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಜಿಪ್‌ಫೈಲ್ ಮಾಡ್ಯೂಲ್ ಇಂಥ ಫೈಲುಗಳನ್ನು ಕುಗ್ಗಿಸಿ ಕಟ್ಟುವಾಗ ಪ್ರತಿಯೊಂದಕ್ಕೂ ಕೆಟ್ಟಿದೆಯೇ ಎಂದು ಪತ್ತೆಹಚ್ಚಲು 32 ಬಿಟ್‌ಗಳ ಸಿಆರ್‌ಸಿ ಸಂಖ್ಯೆ ಬರೆದಿಡುತ್ತದೆ. ಟೆಸ್ಟ್‌ಜಿಪ್ ಎಂದು ಕರೆದರೆ ಸಾಕು, ಎಲ್ಲವನ್ನೂ ಓದಿ ಸಂಖ್ಯೆ ತಾಳೆ ನೋಡಿ, ಮೊದಲು ಸಿಕ್ಕ ಕೆಟ್ಟ ಫೈಲಿನ ಹೆಸರು ಹೇಳುತ್ತದೆ.

ಆದರೆ ತಾಳೆಯಾಗುವುದು ಸ್ಕ್ಯಾನಿನೊಂದಿಗೆ, ಕಲ್ಲಿನೊಂದಿಗಲ್ಲ.

ಅಕ್ಷರವೇ ಶಾಸನದ ಆತ್ಮ ಎನ್ನುವವರಿಗೆ ಫೈಲು ಸಾಕು. ಕಾದಿ ಸತ್ತವನಿಗಾಗಿ ನೆಟ್ಟ ಕಲ್ಲಿದು ಎನ್ನುವವರಿಗೆ ಸಾಲದು, ಅವರ ಮಾತೇ ಸರಿ. ಸ್ಕ್ಯಾನ್ ಆಗಿದೆಯಲ್ಲ ಎಂದು ನಿಮ್ಮೂರಿನ ಶಾಸನವನ್ನು ಕೈಬಿಡಬೇಡಿ.