ವೇಗದಲ್ಲಿ ನಮ್ಮ ಪಾಲು

ಬೆಳಗಿನ ಲೋಕಲ್ಲಿನಲ್ಲಿ ಜೋತುಬಿದ್ದು ಕಛೇರಿ ಸೇರುವ ನಾವು ಡೊಂಬಿವಲಿಯವರು ಕಾರುಗಳ ವೇಗವನ್ನು ಕುರಿತು ನೀತಿ ಹೇಳುವುದುಂಟು. ಅದರ ರುಚಿ ಕಂಡದ್ದು ಮಾತ್ರ ಕಡಿಮೆ. ಕಳೆದ ಜನವರಿಯಲ್ಲಿ ಬಂಧುಗಳ ಹುಡುಗನೊಬ್ಬ ತನ್ನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಕಾರಿನಲ್ಲಿ ನಮ್ಮನ್ನು ಪುಣೆಗೆ ಕರೆದೊಯ್ದ. 245 ಅಶ್ವಶಕ್ತಿ, ಗಂಟೆಗೆ 250 ಕಿ.ಮೀ. ಓಡಬಲ್ಲದು. ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯ ಸಮತಟ್ಟಿನಲ್ಲೂ ಕಾರಿಗೆ ಮಿತಿ 100. ಉಳಿದ 150 ಯಾರಿಗೆ ಎಂದು ಕೇಳಿದೆವು. ಹುಡುಗ ನಕ್ಕ.

ಕಲಂಬೋಳಿ ಮುಟ್ಟುವ ಮೊದಲೇ, ಶಿಳ್‌ಫಾಟಾ ರಸ್ತೆಯ ಮಂಜಿನಲ್ಲಿ, ಮುಳ್ಳು 100 ದಾಟಿತು. ನಿಜ ಹೇಳಬೇಕೆಂದರೆ, ನಮಗೆ ಹಿತವೆನಿಸಿತು. ಆಗಲೇ ಹಾಲಿನ ಕ್ಯಾನುಗಳ ಸೈಕಲ್ಲನ್ನು ತಳ್ಳಿಕೊಂಡು ಮುದುಕರೊಬ್ಬರು ಎದುರಿಗೆ ಮೂಡಿದರು. ಕಾರು ಒಂದು ಮಾರು ಈಚೆ ನಿಂತಿತು. ಅವರು ಬೆದರಿ ಸೈಕಲ್ಲು ಬಿಟ್ಟಿದ್ದರು.

ವೇಗ 50ರಿಂದ 100ಕ್ಕೇರಿದರೆ ಚಲನಶಕ್ತಿ ನಾಲ್ಮಡಿ; ಚಾಲಕ ಎಚ್ಚೆತ್ತು ಬ್ರೇಕು ತುಳಿಯುವ ಒಂದು ಸೆಕೆಂಡಿನಲ್ಲೇ 28 ಮೀಟರು ಸರಿದುಹೋಗಿರುತ್ತದೆ. ಬಿ.ಎಸ್ಸಿ.ಯಲ್ಲಿ ಓದಿದ್ದೇ. ಸುಖದ ಹೊತ್ತಿಗೆ ನೆನಪಾಗಲಿಲ್ಲ!

ತಪ್ಪು ಯಾರದು? ಕಾನೂನು ಚಾಲಕನನ್ನು ಹಿಡಿಯುತ್ತದೆ. ಹಿಂದಿನ ಸೀಟಿನವರಿಗೆ ದಂಡವಿಲ್ಲ. ಆದರೆ ಆ ಮುದುಕರ ಪ್ರಾಣವನ್ನು ಪಣಕ್ಕಿಟ್ಟು ದೊರೆತ ಸುಖದಲ್ಲಿ ನಾವೂ ಪಾಲು ತೆಗೆದುಕೊಂಡಿದ್ದೆವಲ್ಲ? 'ನಿಧಾನ ಕಣಪ್ಪಾ' ಎನ್ನಲು ಬಾಯಿತ್ತು. ಅತಿಥಿಗಳಾಗಿ ಹೋದವರು ಹಾಗೆನ್ನುವುದು ಸೌಜನ್ಯವಲ್ಲವೆಂದು ಸುಮ್ಮನಿದ್ದೆವು. ಇದಕ್ಕೆ ಸೌಜನ್ಯವೆಂಬ ಹೆಸರು ಸಲ್ಲುತ್ತದೆಯೇ ಎಂಬುದೇ ಈಗ ನಮ್ಮ ಸಂಶಯ.

ಮುದುಕರು ಬೈಯಲಿಲ್ಲ. ರಸ್ತೆಯಲ್ಲಿ ಹರಿದ ಹಾಲನ್ನೇ ನೋಡುತ್ತ ನಿಂತರು. ಹುಡುಗ ಇಳಿದು ಹಣ ಕೊಟ್ಟ. ನಾವು ಇಳಿಯಲೂ ಇಲ್ಲ. ಖಂಡಾಳ ಘಾಟಿನಲ್ಲಿ ಅವನು ತಾನಾಗಿ ನಿಧಾನಿಸಿದ. ಪುಣೆಯವರೆಗೂ ಯಾರೂ ಮಾತಾಡಲಿಲ್ಲ.