ನೋ ಪಾರ್ಕಿಂಗ್ ನೋಟಿಸ್ ಮತ್ತು ಫಿಲಿಪ್ಪಿಯ ಸೆರೆಮನೆ

ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 16:35–40; ಮತ್ತಾಯ 17:24–27

ಈ ವಾರ ಯೂತ್ ಮೀಟಿಂಗ್ ಮುಗಿದ ಮೇಲೆ ಒಬ್ಬ ತಮ್ಮ ಮೊಬೈಲ್ ತೋರಿಸಿದ. ರಾಜಾಜಿನಗರದಲ್ಲಿ ನೋ ಪಾರ್ಕಿಂಗ್ ಜಾಗದಲ್ಲಿ ಸ್ಕೂಟರ್ ನಿಲ್ಲಿಸಿದ್ದಾನೆ ಅಂತ ನೋಟಿಸ್. ಫೋಟೊ ದೊಡ್ಡದು ಮಾಡಿ ನೋಡಿದರೆ ಗಾಡಿ ಇವನದ್ದಲ್ಲ! ಬಣ್ಣ ಬೇರೆ, ನಂಬರಿನಲ್ಲಿ 3 ಇರಬೇಕಾದ ಕಡೆ 8. "ಇರಲಿ ಬಿಡಿ ಪಾಸ್ಟರ್, ಡಿಸ್ಕೌಂಟ್ ಬಂದಾಗ ಕಟ್ಟಿಬಿಡ್ತೀನಿ" ಅಂದ.

ಡಿಸ್ಕೌಂಟ್ ಯಾರು ಮರೀತಾರೆ? 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಅಂದಾಗ ಕೆಲವೇ ದಿನಗಳಲ್ಲಿ 100 ಕೋಟಿ ರೂಪಾಯಿಗೂ ಹೆಚ್ಚು ಕಟ್ಟಿದ ಊರು ನಮ್ಮದು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಕೊಟ್ಟರು. ತಪ್ಪು ಮಾಡಿದವನಿಗೆ ಅದು ಒಳ್ಳೇದೇ. ಮಾಡದವನು ಅರ್ಧ ಕಟ್ಟಿದರೂ ಪೂರ್ತಿ ಒಪ್ಪಿಕೊಂಡ ಹಾಗೇ ತಾನೇ?

ವಿಶ್ವಾಸಿಗಳು ತಕರಾರು ಮಾಡಬಾರದು ಅನ್ನೋರು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯ ತೋರಿಸ್ತಾರೆ. ಸರಿ. ಅದನ್ನು ಬರೆದ ಪೌಲನೇ ಫಿಲಿಪ್ಪಿಯಲ್ಲಿ ಏನು ಮಾಡಿದ ನೋಡಿ. ವಿಚಾರಣೆಯೇ ಇಲ್ಲದೆ ಏಟು, ಕಾಲಿಗೆ ಕೋಳ, ರಾತ್ರಿ ಭೂಕಂಪ. ಬೆಳಗ್ಗೆ ಅಧಿಕಾರಿಗಳು ಹೇಳಿಕಳಿಸ್ತಾರೆ, ಆ ಮನುಷ್ಯರನ್ನು ಬಿಟ್ಟುಬಿಡಿ ಅಂತ. ನಾವಾಗಿದ್ದರೆ ಚಪ್ಪಲಿ ಹಾಕೋಕೂ ನಿಲ್ತಿರಲಿಲ್ಲ. ಪೌಲ ಕದಲಲಿಲ್ಲ. ಎಲ್ಲರೆದುರು ಹೊಡೆಸಿ ಈಗ ಗುಟ್ಟಾಗಿ ಕಳಿಸೋದಾ, ನಾವು ರೋಮ್‌ನ ಹಕ್ಕುಳ್ಳವರು, ಅವರೇ ಬಂದು ಕರ್ಕೊಂಡು ಹೋಗಲಿ ಅಂದ. ಅದು ಹಠ ಅಂತ ನನಗನಿಸಲ್ಲ. 40ನೇ ವಚನ ನೋಡಿ. ಹೊರಗೆ ಬಂದವನು ನೇರ ಲುದ್ಯಳ ಮನೆಗೆ ಹೋದ. ಪೌಲ ಊರು ಬಿಟ್ಟು ಹೋಗುವವನು. ಲುದ್ಯ, ಆ ಸೆರೆಯ ಯಜಮಾನ, ಅವನ ಮನೆಯವರು ಅದೇ ಊರಲ್ಲಿ, ಅದೇ ಅಧಿಕಾರಿಗಳ ಕೈಕೆಳಗೆ ಬದುಕಬೇಕು.

ಹಾಗಾದರೆ ಕಪೆರ್ನೌಮಿನಲ್ಲಿ ಯೇಸು ಸ್ವಾಮಿ ಕಟ್ಟಬೇಕಾಗಿಲ್ಲದ ದೇವಾಲಯದ ತೆರಿಗೆ ಕಟ್ಟಿದರಲ್ಲ? ಕಟ್ಟಿದರು. ಆದರೆ ಕ್ರಮ ಗಮನಿಸಿ. ಮಕ್ಕಳಾದವರು ಕೊಡಬೇಕಾಗಿಲ್ಲ ಎಂಬುದನ್ನು ಮೊದಲು ಪೇತ್ರನ ಬಾಯಿಂದಲೇ ಹೊರಡಿಸಿ, ಆಮೇಲೆ ಗಾಳ ಹಾಕೋಕೆ ಕಳಿಸಿದರು. ಬೇರೆಯವರಿಗೆ ಅಡ್ಡಿಯಾಗಬಾರದು ಅಂತ ಕಟ್ಟಿದರು, ಹೆದರಿ ಅಲ್ಲ. "ಯಾರು ಹೋಗ್ತಾರೆ ಆ ಸ್ಟೇಷನ್‌ಗೆ" ಅನ್ನೋ ಸೋಮಾರಿತನದಿಂದಂತೂ ಅಲ್ಲವೇ ಅಲ್ಲ.

ತಮ್ಮನಿಗೆ ನಾನು ಹೇಳಿದ್ದು ಇಷ್ಟು. ಆರ್‌ಸಿ ಇಡು, ನಿನ್ನ ಸ್ಕೂಟರ್ ಫೋಟೊ ಇಡು, ಮರ್ಯಾದೆಯಿಂದ ಬರಿ. ಕೇಳದಿದ್ದರೆ ಕೋರ್ಟ್ ಇದೆ. ಆ ಪೊಲೀಸಿನವರ ಬಗ್ಗೆ ಒಂದೂ ಕೆಟ್ಟ ಮಾತು ಬೇಡ. ಬಿಸಿಲು, ಹೊಗೆ ನಡುವೆ ನಿಂತು ಕೆಲಸ ಮಾಡುವವರು, ಕಣ್ಣು ತಪ್ಪಿರಬಹುದು.

ಪಕ್ಕದಲ್ಲಿ ಇನ್ನೊಬ್ಬ ಇದ್ದ. ಅವನ ಫೋಟೊದಲ್ಲಿ ಗಾಡಿ ಅವನದ್ದೇ! "ಅಮ್ಮನಿಗೆ ಹುಷಾರಿರಲಿಲ್ಲ ಅಂತ ನಾನೂ ಬರೀತೀನಿ" ಅಂದ. ಅಮ್ಮ ಆ ದಿನ ಕೆಂಗೇರಿಯ ಮನೇಲಿ ಆರಾಮಾಗಿ ಚಪಾತಿ ಲಟ್ಟಿಸ್ತಿದ್ರು. ವಿಮೋಚನಕಾಂಡ 20:16 ಓದಿಕೋ, ದಂಡ ಕಟ್ಟಪ್ಪ ಅಂದೆ.

ನನ್ನ ಮನಸ್ಸು ಲುದ್ಯಳ ಮನೆಯ ಹತ್ತಿರವೇ ನಿಂತಿದೆ. ನಮ್ಮ ಸಭೆಯಲ್ಲಿ ಆಟೊ ಓಡಿಸುವ ಅಣ್ಣಂದಿರಿದ್ದಾರೆ, ಡೆಲಿವರಿ ಮಾಡುವ ಹುಡುಗರಿದ್ದಾರೆ. ತಪ್ಪು ನೋಟಿಸ್ ಬಂದರೂ ಸುಮ್ಮನೆ ಕಟ್ತಾರೆ, ಯಾಕಂದ್ರೆ ಸ್ಟೇಷನ್‌ಗೆ ಅಲೆದರೆ ಆ ದಿನದ ದುಡಿಮೆ ಹೋಯ್ತು. ನಿಮಗೆ ಲ್ಯಾಪ್‌ಟಾಪ್ ಇದೆ, ಅರ್ಜಿ ಬರೆಯೋಕೆ ಬರುತ್ತೆ. ಮುಂದಿನ ಭಾನುವಾರ ಆರಾಧನೆ ಆದ ಮೇಲೆ ಹಿಂದುಗಡೆ ಎರಡು ಟೇಬಲ್ ಹಾಕ್ತೀವಿ. ಅವರ ನೋಟಿಸ್‌ಗಳನ್ನು ಒಂದೊಂದಾಗಿ ತೆರೆದು, ಫೋಟೊ ನೋಡಿ, ಬರೆಯೋದಿದ್ದರೆ ಕೂತು ಬರೆದುಕೊಡಿ. ಯಾರ‍್ಯಾರು ಬರ್ತೀರಿ, ಕೈ ಎತ್ತಿ. ಸ್ತೋತ್ರ.

ಪ್ರಾರ್ಥನೆಗೆ ಮುಂಚೆ ಒಂದು ವಿಷಯ. ಎದುರು ಮನೆಯವರ ಗೇಟಿಗೆ ಅಡ್ಡವಾಗಿ ಮೂರು ಬೈಕ್ ನಿಂತಿವೆ ಅಂತ ಬಾಗಿಲ ಹತ್ತಿರ ಇರುವ ಬ್ರದರ್ ಚೀಟಿ ಕಳಿಸಿದ್ದಾರೆ. ಯಾರದ್ದು ಅಂತ ಕೇಳಲ್ಲ. ಹೋಗಿ ತೆಗೆದು ಬನ್ನಿ, ನಾವು ಕಾಯ್ತೀವಿ.