ತರುಣರ ವ್ಯಾಧಿಯೂ ಅಸಾತಾವೇದನೀಯದ ಮಾತೂ

ಮೂವತ್ತೈದರ ಪ್ರಾಯದವರೊಬ್ಬರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ತಗುಲಿತೆಂಬ ವಾರ್ತೆ ಬಂದೊಡನೆ ಬಂಧುವರ್ಗದಲ್ಲಿ ಎರಡು ಮಾತುಗಳು ಹುಟ್ಟುತ್ತವೆ. ‘ಹೊರಗಿನ ತಿಂಡಿ ತಿಂದುದರ ಫಲ’ ಎಂಬುದೊಂದು. ‘ಪೂರ್ವಕರ್ಮದ ಉದಯ’ ಎಂಬುದು ಇನ್ನೊಂದು. ಎರಡೂ ರೋಗಿಯ ಕಿವಿಗೆ ಬೀಳುತ್ತವೆ. ಹೀಗೆ ಆಡುವುದು ಶ್ರಾವಕನಿಗೆ ಸಲ್ಲುವುದೇ ಎಂಬುದು ವಿಚಾರಾರ್ಹವಾಗಿದೆ.

ವ್ಯಾಧಿ ಹೆಚ್ಚುತ್ತಿರುವುದು ದಿಟ. ಅಮೆರಿಕದ ಅಂಕಿಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಂತೆ, 1950ರ ಸುಮಾರಿಗೆ ಜನಿಸಿದವರಿಗೆ ಹೋಲಿಸಿದರೆ 1990ರ ಸುಮಾರಿಗೆ ಜನಿಸಿದವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಎರಡರಷ್ಟು, ಗುದನಾಳದ್ದು ನಾಲ್ಕರಷ್ಟು. ಅಲ್ಲಿ ಕರುಳಿನ ತಪಾಸಣೆ ಆರಂಭಿಸುವ ವಯಸ್ಸನ್ನು 2021ರಲ್ಲಿ 50ರಿಂದ 45ಕ್ಕೆ ಇಳಿಸಲಾಯಿತು. ಇಷ್ಟು ಅಲ್ಪಕಾಲದಲ್ಲಿ ವಂಶಗುಣ ಬದಲಾಗದು. ಆದುದರಿಂದ ಬಾಹ್ಯ ನಿಮಿತ್ತಗಳ ಶೋಧ ನಡೆದಿದೆ. ಸ್ಥೂಲಕಾಯ, ಮದ್ಯ, ನಾರಿಲ್ಲದ ಆಹಾರ, ಕುಳಿತೇ ಕಳೆಯುವ ದಿನಚರಿ ಇವುಗಳ ಮೇಲೆ ಸಂಶಯವಿದೆ. ಸಂಸ್ಕರಿತ ಮಾಂಸವು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರಲ್ಲಿಯೇ ಸಾರಿತು. ಇದನ್ನು ಕೇಳಿ ಮೂಲಗುಣಧಾರಿಗಳು ತಾವು ಪಾರಾದೆವೆಂದು ನಿಶ್ಚಿಂತರಾಗುವಂತಿಲ್ಲ. ಕರುಳಿನಲ್ಲಿರುವ ಕೆಲವು ಸೂಕ್ಷ್ಮಜೀವಿಗಳು ಕೊಲಿಬ್ಯಾಕ್ಟಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. ಅದರ ಗುರುತುಗಳು 70 ದಾಟಿದ ರೋಗಿಗಳಿಗಿಂತ 40ರೊಳಗಿನವರಲ್ಲಿ ಮೂರು ಪಟ್ಟಿಗೂ ಅಧಿಕವೆಂದು 11 ದೇಶಗಳ ರೋಗಿಗಳನ್ನು ಕುರಿತ 2025ರ ಸಂಶೋಧನೆ ತಿಳಿಸಿತು. ಆ ಹಾನಿ ಬಾಲ್ಯದ ಮೊದಲ ಹತ್ತು ವರ್ಷಗಳಲ್ಲಿಯೇ ಆಗಿರಬಹುದೆಂದು ಊಹೆ. ಇದೇ ಕಾರಣವೆಂದು ಇನ್ನೂ ಸಿದ್ಧವಾಗಿಲ್ಲ. ಸಿದ್ಧವಾದರೆ, ಆ ಹಸುಳೆ ಮುರಿದ ವ್ರತವಾದರೂ ಯಾವುದು?

‘ಹಾಗಾದರೆ ಹಿಂದಿನ ಭವದ್ದು’ ಎನ್ನುವರು. ಅಸಾತಾವೇದನೀಯದ ಉದಯವಿಲ್ಲದೆ ದುಃಖಾನುಭವವಿಲ್ಲವೆಂಬುದು ಸಿದ್ಧಾಂತ, ಅದರಲ್ಲಿ ವಿವಾದವಿಲ್ಲ. ಆದರೆ ಯಾರು ಯಾವ ಭವದಲ್ಲಿ ಏನನ್ನು ಕಟ್ಟಿಕೊಂಡರೆಂಬುದನ್ನು ಮತಿ-ಶ್ರುತಜ್ಞಾನಗಳಷ್ಟೇ ಉಳ್ಳ ನೆರೆಮನೆಯವರು ಬಲ್ಲರೆ? ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಇದೇ ಕರ್ಮದ ಆಸ್ರವಕಾರಣಗಳನ್ನು ಎಣಿಸುವಾಗ, ದುಃಖ, ಶೋಕ, ತಾಪ, ಆಕ್ರಂದನಾದಿಗಳನ್ನು ತನ್ನಲ್ಲಿ ಮಾತ್ರವಲ್ಲ, ಪರರಲ್ಲಿ ಉಂಟುಮಾಡುವುದನ್ನೂ ಸೇರಿಸಿದ್ದಾರೆ. ಮಂಚದ ಬಳಿ ಕುಳಿತು ಕರ್ಮಸಿದ್ಧಾಂತವನ್ನು ಬೋಧಿಸಿ ರೋಗಿಯ ಕಣ್ಣಲ್ಲಿ ನೀರು ತರಿಸುವವರು ಆ ಸೂತ್ರವನ್ನು ತಮಗೇ ಅನ್ವಯಿಸಿಕೊಂಡು ನೋಡಬೇಕು. (ಪರ್ವದಿನಗಳಲ್ಲಿ ಅದನ್ನು ತಪ್ಪದೆ ಪಠಿಸುವವರೂ ಅವರೇ.)

ಉಪವಾಸದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಚಿಕಿತ್ಸೆಯಿಂದ ಕೃಶರಾದವರು ದಶಲಕ್ಷಣ ಪರ್ವದಲ್ಲಿ ನಿಯಮ ತಪ್ಪಿತೆಂದು ಕೊರಗುವುದುಂಟು. ಉಪವಾಸದಿಂದ ಗಡ್ಡೆ ಕರಗುವುದೆಂದು ಹೇಳಿ ವೈದ್ಯರ ಬಳಿಗೆ ಹೋಗದಂತೆ ತಡೆಯುವ ಹಿರಿಯರೂ ಉಂಟು. ಅನಶನವು ಕರ್ಮನಿರ್ಜರೆಗೆ ವಿಹಿತವಾದುದೇ ಹೊರತು ಔಷಧವಲ್ಲ. ಷೋಡಶಕಾರಣ ಭಾವನೆಗಳಲ್ಲಿ ಹೇಳಿರುವುದು ಶಕ್ತಿಗನುಸಾರವಾದ ತಪಸ್ಸು. ಮೇಲಾಗಿ ಅನಶನವು ಬಾಹ್ಯತಪ, ರೋಗಿಯ ಶುಶ್ರೂಷೆಯಾದ ವೈಯಾವೃತ್ತ್ಯವು ಅಂತರಂಗತಪ. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಿರುವಾಗ ಉಳಿದವರಿಗೆ ಯಾವ ತಪಸ್ಸು ಮೊದಲು ಒದಗಿದೆಯೆಂಬುದನ್ನು ವಿವರಿಸಬೇಕಾಗಿಲ್ಲ.

ಸಮಂತಭದ್ರಾಚಾರ್ಯರಿಗೆ ಭಸ್ಮಕವ್ಯಾಧಿ ತಗುಲಿದಾಗ ಅವರು ಸಲ್ಲೇಖನೆಗೆ ಅನುಮತಿ ಬೇಡಿದರೆಂದೂ, ಗುರುಗಳು ಅದನ್ನು ನಿರಾಕರಿಸಿ, ಮುನಿವೇಷವನ್ನು ಬಿಟ್ಟಾದರೂ ಮೊದಲು ರೋಗವನ್ನು ಗುಣಪಡಿಸಿಕೊಂಡು ಅನಂತರ ಪುನಃ ದೀಕ್ಷೆ ಪಡೆಯುವಂತೆ ಆಜ್ಞಾಪಿಸಿದರೆಂದೂ ಪರಂಪರೆಯಿಂದ ತಿಳಿದುಬರುತ್ತದೆ. ಆ ಗುರುಗಳು ಶಿಷ್ಯನ ಪೂರ್ವಭವವನ್ನು ವಿಚಾರಿಸಲಿಲ್ಲ.